ಪುಟ ತಿರುವಿದ ಸದ್ದು

ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, ಟೀಚರುಗಳು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ಮೊಬೈಲು ತೆಗೆದು, ಮಗು ಓದಿದ್ದನ್ನು ಅದೇ ಕೇಳಿಸಿಕೊಂಡು ಅದೇ ಅಂಕ ಕೊಡುವುದನ್ನು ತೋರಿಸುತ್ತಾರೆ. ತೋರಿಸಿಯಾದ ಮೇಲೆ, ಪಾಪ, ನಿಮ್ಮ ಕಾಲದಲ್ಲಿ ಇವೇನೂ ಇರಲಿಲ್ಲ ಎಂದು ನನಗಾಗಿ ಮರುಗುತ್ತಾರೆ. ಮರುಗುವಂಥದ್ದೇನಿಲ್ಲ. ನಮ್ಮ ಕಾಲದಲ್ಲೂ ಯಂತ್ರಗಳಿದ್ದವು. ಅವುಗಳ ಜೊತೆ ನಾನು ಮಾಡಿದಷ್ಟು ತಪ್ಪುಗಳನ್ನು ನೀವು ಯಾರೂ ಇನ್ನೂ ಮಾಡಿಲ್ಲ, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಕೇಳಬಹುದು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಇಲ್ಲಿ ಬರೆಯುತ್ತಿರುವುದು ಅದರಲ್ಲಿ ಇಲ್ಲದ್ದು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹರಪನಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಕೂಡ್ಲಿಗಿ ತಾಲೂಕಿನಲ್ಲಿ, ಗುಡೇಕೋಟೆಯಿಂದ ಇನ್ನೂ ಒಳಗೆ ಹೋಗಬೇಕಾದ ಒಂದು ಹಳ್ಳಿಯ ಶಾಲೆ ಸಿಕ್ಕಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ನನಗೆ ಲಗ್ನಪತ್ರಿಕೆ ಕಳಿಸುತ್ತಾರೆ, ಆ ಸಂಬಂಧ ಕೆಡಿಸಿಕೊಳ್ಳಲು ನನಗಿಷ್ಟವಿಲ್ಲ. ಕಾನಹೊಸಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸಿಳಿದು ಕಲ್ಲುಗುಡ್ಡದ ಮಗ್ಗುಲಲ್ಲಿ ಅರ್ಧ ಗಂಟೆ ನಡೆದರೆ ಶಾಲೆ. ಒಂದು ಕೋಣೆ, ಒಂದು ವರಾಂಡ, ಇಬ್ಬರು ಶಿಕ್ಷಕರು. ಹೆಡ್‌ಮಾಸ್ತರ್ ಕೊಟ್ರಬಸಪ್ಪನವರು ಒಂದು, ಎರಡನೆಯ ತರಗತಿಗಳನ್ನು ವರಾಂಡದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮೂರು, ನಾಲ್ಕು, ಐದು ನನ್ನವು, ಮೂರೂ ಒಂದೇ ಕೋಣೆಯಲ್ಲಿ.

ಆ ಶಾಲೆಗೆ ಇಲಾಖೆಯಿಂದ ಒಂದು ಟು-ಇನ್-ಒನ್ ಬಂದಿತ್ತು. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಸೇರಿದ ಕಪ್ಪು ಪೆಟ್ಟಿಗೆ. ಕೊಟ್ರಬಸಪ್ಪನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆಯುಧಪೂಜೆಯ ದಿನ ಹೊರಗೆ ತೆಗೆದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಮಕ್ಕಳಿಗೆ ಮಂಡಕ್ಕಿ ಹಂಚಿ, ಮತ್ತೆ ಒಳಗಿಡುತ್ತಿದ್ದರು. ಕೆಟ್ಟರೆ ಯಾರು ಉತ್ತರ ಕೊಡುವುದು ಎಂಬುದು ಅವರ ಚಿಂತೆ, ದಾಸ್ತಾನು ಪುಸ್ತಕದಲ್ಲಿ ಅವರ ಸಹಿ ಇತ್ತಲ್ಲ. ಬಹಳ ಒಳ್ಳೆಯ ಮನುಷ್ಯ, ಆದರೆ ಸಹಿಗೆ ಹೆದರುತ್ತಿದ್ದಷ್ಟು ಹಾವಿಗೆ ಹೆದರುತ್ತಿರಲಿಲ್ಲ. ಕೂಡ್ಲಿಗಿಯಲ್ಲಿ ನಡೆದ ತರಬೇತಿಯಲ್ಲಿ, ಪ್ರತಿ ತಿಂಗಳೂ ಈ ಯಂತ್ರವನ್ನು ಬಳಸಿದ ವರದಿ ಕಳಿಸಬೇಕು ಎಂದು ಹೇಳಿಸಿಕೊಂಡು ಬಂದೆ. ವರದಿ ಎಂಬ ಮಾತು ಕೇಳಿದ ಮೇಲೆಯೇ ಅವರು ಬೀಗದ ಕೈ ಕೊಟ್ಟದ್ದು.

ತರಬೇತಿಯಲ್ಲಿ ಹೇಳಿದ್ದು ಮಕ್ಕಳಿಗೆ ಹಾಡು, ಕಥೆ ಕೇಳಿಸಿರಿ ಎಂದು. ನನ್ನ ತಲೆಯಲ್ಲಿ ಬೇರೆ ಲೆಕ್ಕವಿತ್ತು. ಮೂರು ತರಗತಿ ಒಂದೇ ಕೋಣೆಯಲ್ಲಿರುವಾಗ ಒಂದೊಂದು ಮಗುವಿನ ಓದನ್ನೂ ಕೂತು ಕೇಳುವುದು ಆಗದ ಮಾತು. ಒಬ್ಬನ ಓದು ಕೇಳುತ್ತಿದ್ದರೆ ಉಳಿದವರು ಪಾಟಿಯಿಂದ ಹೊಡೆದಾಡಿಕೊಳ್ಳುತ್ತಿದ್ದರು. ಮಗು ವರಾಂಡದ ಮೂಲೆಯಲ್ಲಿ ಕೂತು ಪೆಟ್ಟಿಗೆಯ ಮುಂದೆ ಓದಲಿ, ನಾನು ಶನಿವಾರ ಪೆಟ್ಟಿಗೆಯನ್ನು ಮನೆಗೆ ಒಯ್ದು ಭಾನುವಾರ ಕೇಳಿ ಅಂಕ ಹಾಕುತ್ತೇನೆ ಎಂದುಕೊಂಡೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಂಡುಹಿಡಿದೆನೆಂಬ ಜಂಬ ಆಗಲೂ ಇತ್ತು, ಈಗಲೂ ಇದೆ.

ಮೊದಲ ದಿನ ಇಪ್ಪತ್ತೆಂಟು ಮಕ್ಕಳನ್ನು ಓದಿಸಿದೆ. ನಾನು ಒಂದೇ ಗುಂಡಿ ಒತ್ತಿದ್ದೆ, ರೆಕಾರ್ಡ್ ಆಗಬೇಕಾದರೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕಿತ್ತು. ಭಾನುವಾರ ಕೇಳಿದರೆ ಕ್ಯಾಸೆಟ್ಟಿನಲ್ಲಿ ಬರೀ ಗಾಳಿ. ಮಕ್ಕಳಿಗೆ ಮಾತ್ರ ಬೇಜಾರಿಲ್ಲ, ಇನ್ನೊಂದು ಸಲ ಪೆಟ್ಟಿಗೆಯ ಮುಂದೆ ಕೂರಬಹುದಲ್ಲ. ಓದಿ ಮುಗಿಸಿ ಅದಕ್ಕೆ ಕೈಮುಗಿದು ಬರುವವರಿದ್ದರು. ಒಬ್ಬಳು ಪೆಟ್ಟಿಗೆಗೆ ಊಟ ಆಯಿತೇ ಎಂದು ಕೇಳಿದ್ದು ಕ್ಯಾಸೆಟ್ಟಿನಲ್ಲಿ ಬಹಳ ದಿನ ಇತ್ತು.

ಎರಡನೆಯ ತಪ್ಪು ಇನ್ನೂ ಚಂದ. ಶಾಲೆಯಲ್ಲಿ ಕರೆಂಟಿಲ್ಲ, ಯಂತ್ರ ನಡೆಯುವುದು ಸೆಲ್ಲಿನ ಮೇಲೆ. ಸೆಲ್ಲು ಸೋತು ಬಂದಾಗ ಅವನ್ನು ಬಿಸಿಲಿಗಿಟ್ಟು ಕಾಯಿಸಿ ಮತ್ತೆ ಹಾಕುತ್ತಿದ್ದೆ. ಸೋತ ಸೆಲ್ಲಿನಲ್ಲಿ ಕ್ಯಾಸೆಟ್ಟು ನಿಧಾನವಾಗಿ ತಿರುಗುತ್ತದೆ. ಆಗ ಹಿಡಿದ ದನಿಯನ್ನು ಮನೆಯಲ್ಲಿ ಕರೆಂಟಿಗೆ ಹಾಕಿ ಕೇಳಿದರೆ ಓದು ಕುದುರೆ ಓಡಿದಂತೆ ಓಡುತ್ತದೆ. ನನಗೆ ಅದು ತಿಳಿಯಲಿಲ್ಲ. ಒಂದು ತಿಂಗಳಲ್ಲಿ ಮಕ್ಕಳ ಓದಿನ ವೇಗ ಎಷ್ಟು ಹೆಚ್ಚಿದೆ ಎಂದು ಹಿಗ್ಗಿ, ಎಲ್ಲರಿಗೂ ಐದೈದು ಅಂಕ ಹೆಚ್ಚು ಹಾಕಿ, ವರದಿಯನ್ನೂ ಬರೆದೆ. ಹೊಸ ಸೆಲ್ಲು ತಂದು ಹಾಕಿ ಶಾಲೆಯಲ್ಲಿ ಕೇಳಿಸಿದಾಗ, ದನಿ ಇಷ್ಟು ತೆಳ್ಳಗೆ ಯಾಕಾಗಿದೆ ಎಂದು ಕೇಳಿದವರು ಕೊಟ್ರಬಸಪ್ಪನವರು. ಅದೇ ಹೊಸ ಸೆಲ್ಲಿನಲ್ಲಿ ಮತ್ತೆ ಓದಿಸಿದಾಗ ಐದೂ ಅಂಕ ಇಳಿದುಹೋದವು. ವರದಿ ಮಾತ್ರ ಕೂಡ್ಲಿಗಿ ತಲುಪಿಯಾಗಿತ್ತು, ಅದಕ್ಕೆ ಮೆಚ್ಚುಗೆಯ ಪತ್ರವೂ ಬಂತು.

ಯಂತ್ರವನ್ನು ಅನುಮಾನಿಸದಿರುವುದು ಒಂದು ರೋಗ, ಅದು ಬೇಗ ವಾಸಿಯಾಗುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಕೊಟ್ಟೂರಿನ ಸಮೀಪದ ಒಂದು ಶಾಲೆಯಲ್ಲಿದ್ದಾಗ ನಮಗೆ ಕಂಪ್ಯೂಟರ್ ಬಂತು. ಅದರಲ್ಲಿ ಗಣಿತದ ಪ್ರಶ್ನೆಗಳಿದ್ದವು. ಸರಿ ಉತ್ತರ ಒತ್ತಿದರೆ ಚಪ್ಪಾಳೆ, ತಪ್ಪು ಒತ್ತಿದರೆ ಒಂದು ಹಸಿರು ಕಪ್ಪೆ ವಟಗುಟ್ಟುತ್ತ ಕುಪ್ಪಳಿಸುತ್ತಿತ್ತು. ವಾರದಿಂದ ವಾರಕ್ಕೆ ಮಕ್ಕಳ ಅಂಕ ಇಳಿಯುತ್ತ ಹೋಯಿತು. ಭಾಗಾಕಾರ ಬರುವುದಿಲ್ಲವೆಂದು ತೀರ್ಮಾನಿಸಿ ಹದಿನೈದು ದಿನ ಭಾಗಾಕಾರವನ್ನೇ ತಿಕ್ಕಿದೆ. ಕೊನೆಗೆ ಒಂದು ದಿನ ಹಿಂದೆ ನಿಂತು ನೋಡಿದರೆ ಮಕ್ಕಳು ಮೊದಲು ಲೆಕ್ಕ ಮಾಡಿ ಸರಿ ಉತ್ತರ ತಿಳಿದುಕೊಂಡು, ಆಮೇಲೆ ಬೇಕೆಂತಲೇ ತಪ್ಪನ್ನು ಒತ್ತುತ್ತಿದ್ದರು. ಅವರಿಗೆ ಬೇಕಾಗಿದ್ದು ಕಪ್ಪೆ. ಆವತ್ತು ನಾನು ನಕ್ಕಷ್ಟು ಎಂದೂ ನಕ್ಕಿಲ್ಲ. ಆದರೆ ಟೇಪ್ ರೆಕಾರ್ಡರ್ ವಿಷಯದಲ್ಲಿ ಆದದ್ದು ನಗುವಂಥದ್ದಲ್ಲ, ಅದನ್ನು ಹೇಳಲೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಗುಡೇಕೋಟೆ ಕಡೆಯ ಆ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿಯಿದ್ದಳು. ಆಗ ಪರೀಕ್ಷೆಯಲ್ಲಿ ನಪಾಸಾದವರನ್ನು ಅದೇ ತರಗತಿಯಲ್ಲಿ ಕೂರಿಸುತ್ತಿದ್ದೆವು. ಹಿಂದಿನ ವರ್ಷ ಅವಳನ್ನು ಕೂರಿಸಿದ್ದೆ. ಅದಕ್ಕಿಂತ ಹಿಂದೆ ಮೂರನೆಯದರಲ್ಲೂ ಒಂದು ವರ್ಷ ಕೂರಿಸಿದ್ದೆ. ಅವಳ ಹೆಸರಿನ ಮುಂದೆ 'ಓದಲು ಬಾರದು' ಎಂದು ನನ್ನ ಕೈಯಾರೆ ಎರಡು ಸಲ ಬರೆದಿದ್ದೆ. ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವಳ ತಾಯಿ ಹನುಮಕ್ಕ ಶಾಲೆಗೆ ಬಂದಳು. ಹನುಮಕ್ಕನ ತಂಗಿಯನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು. ಅಲ್ಲಿ ಅವಳಿಗೆ ಅವಳಿ ಕೂಸುಗಳಾಗಿದ್ದವು, ಆಡಿಸಲು ಒಂದು ಹುಡುಗಿ ಬೇಕಿತ್ತು.

"ಈ ಸಲಾನೂ ಫೇಲಾದ್ರ ಕಳಸಿಬಿಡ್ತೀವ್ರಿ ಟೀಚರಮ್ಮ" ಎಂದಳು ಹನುಮಕ್ಕ. "ಸಾಲಿ ತಲಿಗೆ ಹತ್ತಲಿಲ್ಲ, ಕೂಸರ ಆಡಸ್ಕೊಂತ ಇರ್ಲಿ ಅಂತಾರ ಅವರಪ್ಪ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಓದಲು ಬರುವುದಿಲ್ಲವೆಂದು ಬರೆದವಳು ನಾನು, ನನ್ನ ಮಾತನ್ನು ನಂಬಿಯೇ ಅವರು ಆ ತೀರ್ಮಾನಕ್ಕೆ ಬಂದಿದ್ದರು. ನೋಡೋಣ ಎಂದು ಹೇಳಿ ಕಳಿಸಿದೆ. ನಿಜ ಹೇಳಬೇಕೆಂದರೆ ನೋಡುವಂಥದ್ದೇನಾದರೂ ಇದೆ ಎಂದು ನನಗನಿಸಿರಲಿಲ್ಲ. ಹುಲಿಗೆಮ್ಮ ಓದುವಾಗ ಒಂದೊಂದು ಅಕ್ಷರಕ್ಕೂ ನಿಲ್ಲುತ್ತಿದ್ದಳು. ಕ್ಯಾಸೆಟ್ಟಿನಲ್ಲಿ ಅವಳ ಸರದಿ ಬಂದಾಗ ನಾನು ಮುಂದಕ್ಕೆ ಓಡಿಸುವ ಗುಂಡಿ ಒತ್ತುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅದೇ ತರಗತಿಯಲ್ಲಿ ಅವಳಿಗೆ ತದ್ವಿರುದ್ಧ ವೀರೇಶ. ಊರಿನ ಕಿರಾಣಿ ಅಂಗಡಿಯವರ ಮಗ, ತರಗತಿಗೆ ಮೊದಲನೆಯವನು. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಾಗಲೆಲ್ಲ ಅವನನ್ನು ಎಬ್ಬಿಸಿ ಓದಿಸುತ್ತಿದ್ದೆವು. ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಎಲ್ಲೂ ತಡವರಿಸದೆ, ನೀರು ಹರಿದಂತೆ ಓದುತ್ತಿದ್ದ. ಸಾಹೇಬರು ಖುಷಿಯಾಗಿ ಶಾಲೆಗೆ 'ಉತ್ತಮ' ಎಂದು ಬರೆದುಹೋಗುತ್ತಿದ್ದರು. ಆ ಉತ್ತಮದಲ್ಲಿ ನನ್ನದೂ ಪಾಲಿತ್ತು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಕಾನಹೊಸಹಳ್ಳಿಯ ಕೋಣೆಯಲ್ಲಿ ಶೇಂಗಾ ಬಿಡಿಸುತ್ತ ಕ್ಯಾಸೆಟ್ಟು ಕೇಳುತ್ತಿದ್ದೆ. ನಾಲ್ಕನೆಯ ತರಗತಿಯ ಒಂಟೆಯ ಪಾಠ. ಒಬ್ಬ ಹುಡುಗ 'ಮರುಭೂಮಿಯ' ಎಂದು ಓದಿ, ಸಣ್ಣಗೆ ಕೆಮ್ಮಿ, ಮುಂದೆ ಹೋದ. ಪಾಪ ನೆಗಡಿಯೇನೋ ಎಂದುಕೊಂಡೆ. ಮುಂದಿನ ಹುಡುಗಿಯೂ ಅಲ್ಲೇ ಕೆಮ್ಮಿದಳು. ಮೂರನೆಯವನೂ ಕೆಮ್ಮಿದ. ನನ್ನ ಕೈ ನಿಂತಿತು. ಆ ಪಾಠ ಮಾಡಿದ ವಾರ ನನಗೆ ಗಂಟಲು ಕಟ್ಟಿತ್ತು. ನಾನು ಒಂದೊಂದು ಸಾಲು ಹೇಳುವುದು, ಮಕ್ಕಳು ಒಟ್ಟಿಗೆ ದನಿ ಎತ್ತಿ ಹೇಳುವುದು, ಹಾಗೆ ಹತ್ತು ಸಲ. ನಮ್ಮ ಕಡೆ ಎಲ್ಲ ಶಾಲೆಯಲ್ಲೂ ಪಾಠ ನಡೆಯುತ್ತಿದ್ದದ್ದೇ ಹಾಗೆ. 'ಮರುಭೂಮಿಯ' ಎಂದಾಗ ನಾನು ಕೆಮ್ಮಿರಬೇಕು. ಮಕ್ಕಳು ನನ್ನ ಕೆಮ್ಮನ್ನೂ ಸೇರಿಸಿ ಪಾಠವನ್ನು ಬಾಯಿಪಾಠ ಮಾಡಿದ್ದರು.

ವೀರೇಶನ ಓದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಒಂಟೆಯ ಪಾಠ ಎರಡು ಪುಟದ್ದು. ಮೊದಲ ಪುಟದ ಕೊನೆಯ ವಾಕ್ಯ ಅರ್ಧಕ್ಕೇ ನಿಂತು, ಉಳಿದರ್ಧ ಮುಂದಿನ ಪುಟಕ್ಕೆ ಹೋಗಿತ್ತು. ಅವನು ಆ ವಾಕ್ಯವನ್ನು ಎಲ್ಲೂ ನಿಲ್ಲದೆ ಮುಗಿಸಿದ. ಅದಾದ ಮೇಲಿನ ಇನ್ನೆರಡು ವಾಕ್ಯಗಳನ್ನೂ ಹೇಳಿದ. ಆಮೇಲೆ ಪುಟ ತಿರುವಿದ ಸದ್ದು ಕೇಳಿಸಿತು. ತಿರುವದ ಪುಟವನ್ನು ಯಾರಾದರೂ ಓದಲು ಸಾಧ್ಯವೇ? ಬೇರೆ ಮಕ್ಕಳದೂ ಕೇಳಿದೆ. ಕೆಲವರದು ತಡವಾಗಿ ಬಂತು, ಕೆಲವರು ಪುಟ ತಿರುವಲೇ ಇಲ್ಲ. ತರಗತಿಯಲ್ಲಿ ಎದುರಿಗೆ ನಿಂತು ಕೇಳುವಾಗ ಈ ಸದ್ದು ನನ್ನ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ. ಹುಡುಗರ ಮುಖ ನೋಡುತ್ತ ಕೇಳಿದರೆ ಕೇಳಿಸುವುದಿಲ್ಲ, ಮುಖ ಕಾಣದಿದ್ದಾಗ ಕೇಳಿಸಿತು.

ಆಗ ಹುಲಿಗೆಮ್ಮನ ಸರದಿ ಬಂತು. ಕೈ ಎಂದಿನಂತೆ ಮುಂದಕ್ಕೆ ಓಡಿಸುವ ಗುಂಡಿಯ ಕಡೆ ಹೋಯಿತು, ಈ ಸಲ ಒತ್ತಲಿಲ್ಲ. ಅವಳು ಎಂದಿನಂತೆ ಒಂ... ಟೆ... ಯು ಎಂದು ಕುಂಟುತ್ತ ಹೊರಟಳು. 'ಮರುಭೂಮಿಯ' ಎಂಬಲ್ಲಿ ಬಹಳ ಹೊತ್ತು ನಿಂತಳು, ಆದರೆ ಕೆಮ್ಮಲಿಲ್ಲ. ಪುಟದ ಕೊನೆಗೆ ಬಂದು ಅರ್ಧ ವಾಕ್ಯಕ್ಕೆ ನಿಂತಳು. ಪುಟ ತಿರುವಿದ ಸದ್ದು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಮುಂದಿನ ಪುಟದ ಮೊದಲ ಪದ. ಇಡೀ ಕ್ಯಾಸೆಟ್ಟಿನಲ್ಲಿ ಪುಟವನ್ನು ತಿರುವಬೇಕಾದ ಜಾಗದಲ್ಲಿ ತಿರುವಿದವರು ನಾಲ್ಕೈದು ಜನ, ಅವರಲ್ಲಿ ಒಬ್ಬಳು ನಾನು ಎರಡು ಸಲ ಕೂರಿಸಿದ ಹುಡುಗಿ. ನಾನು ಕೈ ತೊಳೆದುಕೊಂಡು ಬಂದು ಸುಮ್ಮನೆ ಕೂತೆ. ಅಳು ಬಂತು, ಅತ್ತೆ.

ಸೋಮವಾರ ನಾನೇ ನಾಲ್ಕು ಸಾಲು ಬರೆದುಕೊಂಡು ಹೋದೆ. ಯಾವ ಪುಸ್ತಕದಲ್ಲೂ ಇಲ್ಲದ ಸಾಲುಗಳು, ನಮ್ಮ ಶಾಲೆಯದೇ ಸುದ್ದಿ. ಕೊನೆಯ ಸಾಲು, ಹೆಡ್‌ಮಾಸ್ತರರ ಮೇಜಿನ ಕೆಳಗೆ ಕೋಳಿ ಮೊಟ್ಟೆ ಇಟ್ಟಿದೆ ಎಂದು. ಒಬ್ಬೊಬ್ಬರನ್ನೇ ವರಾಂಡದ ಮೂಲೆಗೆ ಕರೆದು, ಎರಡೂ ಗುಂಡಿ ಒತ್ತಿ, ಚೀಟಿ ಕೈಗೆ ಕೊಟ್ಟೆ. ವೀರೇಶ ಚೀಟಿಯನ್ನು ಎದೆಯ ಮಟ್ಟಕ್ಕೆ ಹಿಡಿದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಚೀಟಿಯನ್ನು ನನಗೆ ವಾಪಸು ಕೊಟ್ಟು ಮೆತ್ತಗೆ ಹೇಳಿದ, "ಇದನ್ನ ನೀವು ಇನ್ನಾ ಹೇಳಿಕೊಟ್ಟಿಲ್ಲಲ್ರಿ."

ಅವನ ತಪ್ಪೇನಿತ್ತು? ನಾನು ಹೇಳಿಕೊಟ್ಟದ್ದನ್ನು ಅವನು ನನಗಿಂತ ಚೆನ್ನಾಗಿ ಕಲಿತಿದ್ದ. ತಲೆ ಸವರಿ ಕಳಿಸಿದೆ.

ಹುಲಿಗೆಮ್ಮ ಬಂದು ಚೀಟಿಯ ಮೇಲೆ ಬೆರಳಿಟ್ಟಳು. ಬೆರಳು ಒಂದೊಂದು ಅಕ್ಷರದ ಕೆಳಗೆ ನಿಲ್ಲುತ್ತ ಹೋಯಿತು. ನಾಲ್ಕನೆಯ ಸಾಲಿನ ಕೊನೆಗೆ ಬಂದವಳು ಚೀಟಿ ಕೆಳಗಿಟ್ಟು, ನನ್ನನ್ನು ಕೇಳದೆಯೇ ಎದ್ದುಹೋಗಿ, ಕೊಟ್ರಬಸಪ್ಪನವರ ಮೇಜಿನ ಕೆಳಗೆ ಬಗ್ಗಿದಳು. ಅವರು ಏನು ಹುಡುಕುತ್ತೀಯವ್ವಾ ಎಂದು ಕೇಳಿದರು. ಕೋಳಿ ತತ್ತಿ ಇಟ್ಟಿದೆಯಂತೆ ಎಂದಳು. ಅವರೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಓದಿದ್ದು ಅರ್ಥವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಆಮೇಲಿನ ಯಾವ ಯಂತ್ರವೂ ನನಗೆ ಕೊಡಲಿಲ್ಲ.

ಆವತ್ತು ಮೂರೂ ತರಗತಿಯ ಇಪ್ಪತ್ತೆಂಟು ಮಕ್ಕಳಲ್ಲಿ ಚೀಟಿ ಓದಿದವರು ಆರು ಜನ. ಅವರಲ್ಲಿ ಹುಲಿಗೆಮ್ಮನೂ ಸೇರಿ ಐವರು ಶಾಲೆ ತಪ್ಪಿಸುವ ಮಕ್ಕಳು. ನಾವು ದನಿ ಎತ್ತಿ ಪಾಠ ಒಪ್ಪಿಸುವ ದಿನಗಳಲ್ಲಿ ಅವರು ಕುರಿ ಹಿಂದೆಯೋ ಹೊಲದಲ್ಲೋ ಇರುತ್ತಿದ್ದರು. ಬಾಯಿಪಾಠ ಆಗಿರದ ಕಾರಣ ಅಕ್ಷರ ನೋಡಿಯೇ ಓದಬೇಕಿತ್ತು. ಆ ಅಕ್ಷರ ಕಲಿಸಿದವರು ಕೊಟ್ರಬಸಪ್ಪನವರು. ಒಂದನೆಯ ತರಗತಿಯಲ್ಲಿ ಮರಳು ಹರಡಿ, ಪ್ರತಿ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಅವರು ಕಲಿಸಿ ಕಳಿಸಿದ್ದನ್ನು ನಾನು ಮೂರನೆಯ ತರಗತಿಯಲ್ಲಿ ಗದ್ದಲದಲ್ಲಿ ಮುಳುಗಿಸುತ್ತಿದ್ದೆ. ಇದನ್ನು ಅವರಿಗೆ ಹಾಗೆಯೇ ಹೇಳಿದೆ. ಅವರಿಗೆ ಸಂತೋಷವಾಯಿತೋ ಹೆದರಿಕೆಯಾಯಿತೋ ಗೊತ್ತಾಗಲಿಲ್ಲ. ಅಂಕಪಟ್ಟಿಯಲ್ಲಿ ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಮಾತ್ರ ಹೆದರಿಕೆಯೇ ಗೆದ್ದಿತು.

"ಆರು ಮಂದಿ ಓದ್ತಾರಂತ ಬರದ್ರ, ಉಳಿದೋರಿಗೆ ಇಷ್ಟು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳಾಂಗಿಲ್ಲೇನ್ರಿ?" ಎಂದರು. "ನನಗ ಎರಡು ವರ್ಷ ಐತಿ ರಿಟೈರಾಗಾಕ."

ಸಾಹೇಬರು ಬರುವ ದಿನ ಹತ್ತಿರವಾಗಿತ್ತು. ವೀರೇಶನನ್ನು ನಿಲ್ಲಿಸಿ ಮಾನ ಉಳಿಸಿಕೊಳ್ಳೋಣ, ಮುಂದಿನ ವರ್ಷದಿಂದ ಬೇಕಾದಂತೆ ಕಲಿಸಿರಿ ಎಂಬುದು ಅವರ ಸಲಹೆ. ನಾನು ಒಪ್ಪಲಿಲ್ಲ. ಮುಂದಿನ ವರ್ಷ ಹುಲಿಗೆಮ್ಮ ಇಲ್ಲಿರುವುದಿಲ್ಲ, ಹಗರಿಬೊಮ್ಮನಹಳ್ಳಿಯಲ್ಲಿ ಕೂಸು ಎತ್ತಿಕೊಂಡಿರುತ್ತಾಳೆ ಎಂದೆ. ಸಾಹೇಬರು ಬಂದರು, ಎಂದಿನಂತೆ ಓದಿಸಿರಿ ಎಂದರು. ಆ ಹುಡುಗನನ್ನು ಎಲ್ಲರೆದುರು ಬಯಲಿಗೆ ತರುವುದು ನನಗೆ ಬೇಡವಾಗಿತ್ತು. ಮೊದಲು ಇದನ್ನು ಕೇಳಿರಿ ಸರ್ ಎಂದು ಮಕ್ಕಳನ್ನು ಆಟಕ್ಕೆ ಬಿಟ್ಟು, ಕ್ಯಾಸೆಟ್ಟು ಹಾಕಿ, ಪುಸ್ತಕವನ್ನು ಅವರ ಕೈಗೇ ಕೊಟ್ಟೆ.

ಪುಟ ತಿರುವಿದ ಸದ್ದು ತಡವಾಗಿ ಬಂದಾಗ ಅವರು ಬೆರಳು ಎತ್ತಿ ನಿಲ್ಲಿಸಲು ಹೇಳಿದರು. ಹಿಂದಕ್ಕೆ ಹಾಕಿಸಿ ಇನ್ನೊಂದು ಸಲ ಕೇಳಿದರು. ಕೆಮ್ಮನ್ನೂ ಕೇಳಿದರು. ಸಿಟ್ಟಾಗುತ್ತಾರೆಂದು ಕಾಯುತ್ತಿದ್ದೆವು, ಕೊಟ್ರಬಸಪ್ಪನವರು ಬೀಗದ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಸಾಹೇಬರು ಪುಸ್ತಕ ಮುಚ್ಚಿದರು. ಇಪ್ಪತ್ತು ವರ್ಷದಿಂದ ನಾನೂ ಹೀಗೇ ಕೇಳಿ ಹೀಗೇ ಬರೆದಿದ್ದೇನೆ ಎಂದರು. ಇದನ್ನು ನನ್ನ ಮೇಲಿನವರಿಗೆ ಕೇಳಿಸಬೇಡಿರಿ, ಆದರೆ ಇದ್ದದ್ದನ್ನು ಇದ್ದಂತೆ ಬರೆಯಿರಿ ಎಂದು ಹೇಳಿ ಜೀಪು ಹತ್ತಿದರು. ಆ ಸಲ ಶಾಲೆಗೆ 'ಉತ್ತಮ' ಸಿಗಲಿಲ್ಲ, ನೋಟಿಸೂ ಬರಲಿಲ್ಲ. ಆಮೇಲೆ ಅವರು ಹೋದ ಶಾಲೆಯಲ್ಲೆಲ್ಲ ಮಕ್ಕಳಿಗೆ ಗೋಡೆಯ ಕ್ಯಾಲೆಂಡರಿನ ಹಿಂದೆ ಛಾಪಿಸಿದ್ದನ್ನು ಓದಿಸತೊಡಗಿದರಂತೆ. ಈ ಪೀಡೆ ತಂದಿಟ್ಟವಳು ನಾನೇ ಎಂದು ಕಾನಹೊಸಹಳ್ಳಿಯ ಬಸ್ಸಿನಲ್ಲಿ ಎಷ್ಟೋ ಮೇಷ್ಟ್ರುಗಳು ನನ್ನ ಮುಖ ನೋಡುತ್ತಿರಲಿಲ್ಲ. ನನಗೇನೂ ಅನಿಸಲಿಲ್ಲ, ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು.

ಹುಲಿಗೆಮ್ಮನನ್ನು ಪಾಸು ಮಾಡಿದೆ. ಓದಿನ ಅಂಕವನ್ನು ಚೀಟಿ ಓದಿದ ಲೆಕ್ಕಕ್ಕೇ ಕೊಟ್ಟೆ. ಏಪ್ರಿಲ್ ಹತ್ತಕ್ಕೆ ಫಲಿತಾಂಶ ಹೇಳಿಯಾಯಿತು, ಇನ್ನು ಯೋಚನೆಯಿಲ್ಲ ಎಂದು ನಿಶ್ಚಿಂತೆಯಾಗಿದ್ದೆ. ಮಧ್ಯಾಹ್ನ ಹನುಮಕ್ಕ ಮಗಳನ್ನು ಕರೆದುಕೊಂಡು ಬಂದು, ಹೆಸರು ತೆಗೆದುಬಿಡಿ ಎಂದಳು. ಪಾಸಾಗಿದ್ದಾಳಲ್ಲ ಎಂದೆ. ಅವಳ ಗಂಡ ಅದನ್ನು ನಂಬಿರಲಿಲ್ಲ. ಟೀಚರಮ್ಮ ಕನಿಕರಪಟ್ಟು ಪಾಸು ಮಾಡಿದ್ದಾಳೆ, ಎರಡು ವರ್ಷ ಬಾರದ ಓದು ಎರಡು ತಿಂಗಳಲ್ಲಿ ಹೇಗೆ ಬಂತು ಎಂದು ಕೇಳಿದ್ದನಂತೆ. ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಎರಡು ಸಲ ಬರೆದ ಸುಳ್ಳನ್ನು ಅವರು ನಂಬಿದ್ದರು, ಈಗ ನಿಜ ಬರೆದರೆ ಅದು ಕನಿಕರವಾಗಿ ಕಾಣುತ್ತಿತ್ತು.

ನನಗೆ ಯಂತ್ರದ ಮೇಲೆ ಭರವಸೆ. ಕ್ಯಾಸೆಟ್ಟು ಹಾಕಿ ವೀರೇಶನ ಓದು, ಹುಲಿಗೆಮ್ಮನ ಓದು ಎರಡನ್ನೂ ಕೇಳಿಸಿದೆ. ಪುಟದ ಸದ್ದಿನ ಕಥೆಯನ್ನೂ ಬಿಡಿಸಿ ಹೇಳಿದೆ. ಹನುಮಕ್ಕ ಮಗಳ ದನಿ ಪೆಟ್ಟಿಗೆಯಿಂದ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹೆಮ್ಮೆಯಿಂದಲ್ಲ, ನಾಚಿಕೆಯಿಂದ.

"ಆ ಹುಡುಗ ಹೆಂಗ ಸರಾಗ ಓದ್ತಾನ ನೋಡ್ರಿ. ಇಕಿ ತೊದಲ್ತಾಳ" ಎಂದಳು. "ನನಗ ಓದು ಬರಾಂಗಿಲ್ಲ ಖರೆ, ಕಿವಿ ಅದಾವಲ್ರಿ."

ಅವಳ ಕಿವಿಯದೇನೂ ತಪ್ಪಿಲ್ಲ. ನಾನೂ ಸಾಹೇಬರೂ ಇಷ್ಟು ವರ್ಷ ಕೇಳಿದ್ದು ಅದೇ ಕಿವಿಯಿಂದ. ಅಕ್ಷರ ತಿಳಿಯದ ತಾಯಿಗೆ ಪುಟದ ಸದ್ದು ಏನು ಹೇಳೀತು? ಯಂತ್ರವನ್ನು ನಿಲ್ಲಿಸಿದೆ. ಹುಲಿಗೆಮ್ಮನಿಗೆ ಬೇವಿನ ಮರದ ಹತ್ತಿರ ಹೋಗಿ ನಿಲ್ಲಲು ಹೇಳಿದೆ. ಅವಳು ದೂರ ಹೋದ ಮೇಲೆ ಹನುಮಕ್ಕನಿಗೆ ಹೇಳಿದೆ, ನಿನ್ನ ಮಗಳಿಗೆ ಗೊತ್ತಿಲ್ಲದ, ನೀನು ಅವಳ ಮುಂದೆ ಎಂದೂ ಆಡದ ಒಂದು ಮಾತನ್ನು ನನ್ನ ಕಿವಿಯಲ್ಲಿ ಹೇಳು, ನಾನು ಬರೆಯುತ್ತೇನೆ. ಅವಳು ಬಂದು ಅದನ್ನು ಓದಿದರೆ ಹೆಸರು ಇರಲಿ. ಓದದಿದ್ದರೆ ನಾನೇ ನನ್ನ ಕೈಯಾರೆ ಹೆಸರು ತೆಗೆದು ಕೊಡುತ್ತೇನೆ. ಕೊಟ್ರಬಸಪ್ಪನವರು ಬೇಡವೆಂಬಂತೆ ನನ್ನತ್ತ ನೋಡಿದರು. ನನಗೆ ನನ್ನ ವಿದ್ಯಾರ್ಥಿನಿಯ ಮೇಲೆ ಆವತ್ತು ಪೂರ್ತಿ ನಂಬಿಕೆಯಿತ್ತು.

ಹನುಮಕ್ಕ ಬಹಳ ಹೊತ್ತು ಯೋಚಿಸಿದಳು. ಮರದ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಿದಳು. ಅವಳು ಆಡಿದ ಹಾಗೆಯೇ, ಒಂದು ಅಕ್ಷರವನ್ನೂ ತಿದ್ದದೆ, ಕಾಗದದ ಮೇಲೆ ದೊಡ್ಡದಾಗಿ ಬರೆದೆ.

ಹುಲಿಗೆಮ್ಮ ಬಂದು ಕಾಗದ ತೆಗೆದುಕೊಂಡಳು. ಬೆರಳಿಟ್ಟಳು. 'ನಿನ್ನ' ಎಂಬುದನ್ನು ಬೇಗ ಓದಿದಳು. ಮುಂದಿನದು ಉದ್ದದ ಪದ. ಹ... ಗ... ರಿ ಎಂದು ನಿಂತಳು. ಹನುಮಕ್ಕ ಮಗಳ ಬಾಯನ್ನು ನೋಡುತ್ತಿದ್ದಳು, ನಾನು ಬೆರಳನ್ನು. ಬೆರಳು ಒತ್ತಕ್ಷರದ ಕೆಳಗೆ ನಿಂತು ಅಲ್ಲಾಡಲಿಲ್ಲ. ಸಹಾಯ ಮಾಡಬಾರದೆಂದು ನಾನು ತುಟಿ ಕಚ್ಚಿಕೊಂಡಿದ್ದೆ. ಬೊ... ಮ್ಮ... ನ... ಹ... ಳ್ಳಿ... ಗೆ. ಆಮೇಲೆ ಉಳಿದ ಪದಗಳು ಒಂದರ ಹಿಂದೆ ಒಂದು ಬಂದವು. ಓದಿ ಮುಗಿಸಿದವಳು ಮತ್ತೆ ಮೊದಲಿನಿಂದ ಕೂಡಿಸಿ, ಪೂರ್ತಿ ವಾಕ್ಯ ಹೇಳಿದಳು.

"ನಿನ್ನ ಹಗರಿಬೊಮ್ಮನಹಳ್ಳಿಗೆ ಕಳಸಾಕ ನನಗ ಮನಸಿಲ್ಲ."

ಓದಿದ ಮೇಲೆಯೇ ಅದು ಯಾರ ಮಾತೆಂದು ಅವಳಿಗೆ ಹೊಳೆದದ್ದು. ತಲೆ ಎತ್ತಿ ತಾಯಿಯನ್ನು ನೋಡಿದಳು. ಹನುಮಕ್ಕ ಕಂಬ ಹಿಡಿದು ನಿಂತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. "ಇನ್ನೊಮ್ಮಿ ಓದು" ಎಂದಳು.

ಹುಲಿಗೆಮ್ಮ ಇನ್ನೊಮ್ಮೆ ಓದಿದಳು. ಈ ಸಲ ಎಲ್ಲೂ ನಿಲ್ಲಲಿಲ್ಲ, ಕಾಗದದ ಕಡೆ ನೋಡಲೂ ಇಲ್ಲ. ಹನುಮಕ್ಕ ನನ್ನ ಕಡೆ ತಿರುಗಿ, ಹೆಸರು ಇರಲಿ ಬಿಡ್ರಿ, ಅವರಪ್ಪನಿಗೆ ನಾನು ಹೇಳ್ತೀನಿ ಎಂದು, ಮಗಳ ಕೈ ಹಿಡಿದು ಮನೆಗೆ ಹೊರಟಳು. ಕೊಟ್ರಬಸಪ್ಪನವರು ಯಾರ ಸಹಿಯನ್ನೂ ಕೇಳದೆ ಐದನೆಯ ತರಗತಿಯ ಹೊಸ ಹಾಜರಿ ಪುಸ್ತಕ ತೆಗೆದು ಅವಳ ಹೆಸರನ್ನು ಮೊದಲನೆಯದಾಗಿ ಬರೆದರು. ನಾನು ನನ್ನ ಅಂಕಪುಸ್ತಕ ತೆರೆದು, ಅವಳು ಮೊದಲ ಸಲ ಕುಂಟುತ್ತ ಓದಿದ್ದಕ್ಕೆ ಪೂರ್ತಿ ಅಂಕ ಹಾಕಿದೆ. ಎರಡನೆಯ ಸಲದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟೊತ್ತಿಗೆ ಆ ಮಾತು ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು.